ಫೋನ್ ಕಮ್ಮಿ ಮಾಡ್ಬೇಕು ಅನ್ನೋರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಕೆಲಸ, ಮನೆ ಬೆಂಗಳೂರಿನ ವಿಜಯನಗರ. ನಮ್ಮ ರಸ್ತೆಯವರು, ಆಫೀಸಿನವರು, ನೆಂಟರು ಎಲ್ಲಾ ಈ ವಿಷ್ಯದಲ್ಲಿ ಕೇಳಿದ್ದನ್ನೇ ಕೇಳ್ತಿರ್ತಾರೆ, ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳೋ ಬದ್ಲು ಒಂದೇ ಕಡೆ ಬರೆದಿಟ್ಟಿದೀನಿ. ಪೂರ್ತಿ ಓದ್ಬೇಕಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆ ಹುಡುಕ್ಕೊಳಿ.

ಜನ ಯಾಕೆ ಫೋನ್ ಕಮ್ಮಿ ಮಾಡ್ಬೇಕು ಅಂತಾರೆ?

ಫೋನ್ ಕೆಟ್ಟದ್ದು ಅಂತ ಯಾರೂ ನನ್ನ ಹತ್ರ ಬಂದಿಲ್ಲ. ಮೆಟ್ರೋ ಟಿಕೆಟ್ಟು, ಗ್ಯಾಸ್ ಬುಕಿಂಗು, ಬೆಸ್ಕಾಂ ಬಿಲ್ಲು, ಅಮೆರಿಕದಲ್ಲಿರೋ ಮೊಮ್ಮಗನ ಮುಖ, ಎಲ್ಲಾ ಅದರೊಳಗೇ ಇರೋವಾಗ ಯಾರು ತಾನೇ ಹಾಗಂತಾರೆ. ಬರೋರು ಹೇಳೋದು ಬೇರೆ. ಹನ್ನೊಂದಕ್ಕೆ ಮಲಗಕ್ಕೆ ಹೋಗ್ತೀನಿ, ಒಂದ್ಸಲ ನೋಡಣ ಅಂತ ತೆಗೀತೀನಿ, ತಲೆ ಎತ್ತಿದ್ರೆ ಒಂದೂವರೆ ಆಗಿರತ್ತೆ ಅಂತ ಒಬ್ರು. ಮಗಳು ಸ್ಕೂಲಲ್ಲಿ ನಡೆದಿದ್ದು ಹೇಳ್ತಿದ್ಲು, ಹೂಂ ಹೂಂ ಅಂತಿದ್ದೆ, ಕೊನೆಗೆ ಅವ್ಳು "ಅಪ್ಪ, ನಾನ್ ಏನ್ ಹೇಳ್ದೆ ಹೇಳು" ಅಂದಾಗ ಉತ್ತರಾನೇ ಬರ್ಲಿಲ್ಲ ಅಂತ ಇನ್ನೊಬ್ರು. ಮುಂಚೆ ಕಾದಂಬರಿ ಹಿಡಿದ್ರೆ ಮುಗಿಸ್ದೆ ಬಿಡ್ತಿರ್ಲಿಲ್ಲ, ಈಗ ಎರಡು ಪುಟಕ್ಕೇ ಕೈ ಫೋನ್ ಹುಡ್ಕತ್ತೆ ಅಂತ ನಮ್ಮ ಅತ್ತಿಗೆ.

ಸರಿಯಾಗಿ ಕೇಳಿಸ್ಕೊಂಡ್ರೆ ಎಲ್ರೂ ಹೇಳ್ತಿರೋದು ಯಾವುದೋ ಒಂದು ಹೊತ್ತಿನ ಬಗ್ಗೆ. ಮಲಗೋ ಹೊತ್ತು, ಊಟದ ಹೊತ್ತು, ಮಗು ಮನೆಗೆ ಬರೋ ಹೊತ್ತು. ಅದಕ್ಕೇ ನಾನು ಎಲ್ರಿಗೂ ಕೇಳೋದು ಒಂದೇ, ನಿಮಗೆ ಯಾವ ಹೊತ್ತು ವಾಪಸ್ ಬೇಕು? ಅದು ಗೊತ್ತಾದ್ಮೇಲೆ ಫೋನ್ ವಿಷ್ಯ ಮಾತಾಡಣ.

ದಿನಕ್ಕೆ ಎಷ್ಟು ಗಂಟೆ ಆದ್ರೆ ಓಕೆ?

ಮಕ್ಕಳಿಗೆ ಲೆಕ್ಕ ಇದೆ, ಕೆಳಗೆ ಬರೆದಿದೀನಿ. ದೊಡ್ಡೋರಿಗೆ ಇಷ್ಟೇ ಗಂಟೆ ಅಂತ ಎಲ್ರೂ ಒಪ್ಪೋ ಲೆಕ್ಕ ಯಾವ್ದೂ ಇಲ್ಲ. ಸ್ಕ್ರೀನ್ ಟೈಮ್ ನಂಬರ್ ನೋಡಿ ಗಾಬರಿ ಬೀಳ್ಬೇಡಿ, ಮ್ಯಾಪ್ ಹಾಕ್ಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತ್ರೆ ಅದೂ ಸ್ಕ್ರೀನ್ ಟೈಮೇ, ಊರಲ್ಲಿರೋ ಅಮ್ಮನ ಜೊತೆ ವಿಡಿಯೋ ಕಾಲ್ ಮಾಡಿದ್ರೆ ಅದೂ ಅದೇ ಲೆಕ್ಕಕ್ಕೇ ಹೋಗತ್ತೆ. ಐದು ಗಂಟೆ ನೋಡಿ ನೆಮ್ಮದಿಯಾಗಿರೋರು ಇದಾರೆ, ರಾತ್ರಿ ಬರೀ ಮುಕ್ಕಾಲು ಗಂಟೆ ನೋಡಿ ನಿದ್ದೆ ಪೂರ್ತಿ ಹಾಳು ಮಾಡ್ಕೊಂಡೋರೂ ಇದಾರೆ.

ಎಷ್ಟು ಪ್ರಯತ್ನ ಪಟ್ರೂ ಆಗಲ್ಲ, ನನಗೆ ವಿಲ್‌ಪವರ್ರೇ ಇಲ್ವಾ?

ದಯವಿಟ್ಟು ಹಾಗನ್ಕೋಬೇಡಿ. ಈ ಉತ್ತರ ಸ್ವಲ್ಪ ಉದ್ದ, ಆದ್ರೆ ಇದೊಂದು ಓದಿ.

ಮೊದ್ಲು ವೆಬ್‌ಸೈಟಲ್ಲಿ ಪುಟ ಅನ್ನೋದು ಮುಗೀತಿತ್ತು. ಕೆಳಗೆ ಮುಂದಿನ ಪುಟಕ್ಕೆ ಒಂದು ಬಟನ್, ಅದನ್ನ ಒತ್ತೋ ಮುಂಚೆ ಅರೆಗಳಿಗೆ ಸಾಕಪ್ಪ ಅನ್ನಿಸ್ತಿತ್ತು. 2006ರಲ್ಲಿ ಆಜಾ ರಾಸ್ಕಿನ್ ಅನ್ನೋ ಡಿಸೈನರ್ ಕೊನೇನೇ ಇಲ್ದಿರೋ ಸ್ಕ್ರಾಲ್ ಮಾಡಿದ್ರು, ಎಷ್ಟೋ ವರ್ಷ ಆದ್ಮೇಲೆ ಅವ್ರೇ ಅದಕ್ಕೆ ಪಶ್ಚಾತ್ತಾಪ ಪಟ್ಟು ಮಾತಾಡಿದಾರೆ. ಮದುವೆ ಮನೇಲಿ ಬಡಿಸೋರು ಬರ್ತಾನೇ ಇದ್ದು ಎಲೆ ಖಾಲಿ ಆಗಕ್ಕೇ ಬಿಡ್ಲಿಲ್ಲ ಅಂದ್ರೆ ನೀವು ಎಲೆ ಮಡಿಸೋದು ಯಾವಾಗ ಹೇಳಿ. 2009ರ ಫೆಬ್ರವರಿಲಿ ಫೇಸ್‌ಬುಕ್‌ಗೆ ಲೈಕ್ ಬಟನ್ ಬಂತು, ಫೋಟೋ ಹಾಕಿದ್ಮೇಲೆ ಎಷ್ಟಾಯ್ತು ಎಷ್ಟಾಯ್ತು ಅಂತ ನೋಡೋದು ಶುರುವಾಯ್ತು. ಇದರ ಹಿಂದಿರೋ ತಂತ್ರ ಇನ್ನೂ ಹಳೇದು. ಸ್ಕಿನ್ನರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು ಪಾರಿವಾಳ ಇಟ್ಕೊಂಡು ಪ್ರಯೋಗ ಮಾಡಿದ್ರು, ಯಾವಾಗ ಕುಕ್ಕಿದ್ರೆ ಕಾಳು ಬೀಳತ್ತೆ ಅಂತ ಗೊತ್ತಾಗದಂಗೆ ಮಾಡಿದಾಗ ಅವು ಬಿಡದೆ ಕುಕ್ತಾನೇ ಇದ್ವು. ಮುಂದಿನ ರೀಲ್ ಚೆನ್ನಾಗಿರತ್ತೋ ಇಲ್ವೋ ಅಂತ ನಿಮಗೂ ಗೊತ್ತಿರಲ್ಲ ಅಲ್ವಾ, ಅದೇ.

ಜೊತೆಗೆ ನಮ್ಮ ದೇಶದ್ದೇ ಒಂದು ಕಾರಣ ಇದೆ. 2016ರ ಸೆಪ್ಟೆಂಬರಲ್ಲಿ ಜಿಯೋ ಬರೋ ಮುಂಚೆ ಇನ್ನೂರು ಮುನ್ನೂರು ರೂಪಾಯಿ ಕೊಟ್ರೆ ತಿಂಗಳಿಗೆ 1 ಜಿಬಿ ಸಿಗ್ತಿತ್ತು, ವಿಡಿಯೋ ನೋಡೋ ಮುಂಚೆ ಬ್ಯಾಲೆನ್ಸ್ ನೋಡ್ತಿದ್ವಿ. ಈಗ ದಿನಕ್ಕೇ ಅದಕ್ಕಿಂತ ಜಾಸ್ತಿ ಸಿಗತ್ತೆ. ಮುಂಚೆ ದುಡ್ಡೇ ಲಿಮಿಟ್ ಹಾಕ್ತಿತ್ತು, ಆ ಲಿಮಿಟ್ ಹೋಯ್ತು, ಬೇರೆ ಯಾವ್ದೂ ಬರ್ಲಿಲ್ಲ.

ಇಂಥ ಆ್ಯಪ್ ಬರೆಯೋರಲ್ಲಿ ಎಷ್ಟೋ ಜನ ನಮ್ಮೂರಲ್ಲೇ, ಔಟರ್ ರಿಂಗ್ ರೋಡ್ ಗಾಜಿನ ಬಿಲ್ಡಿಂಗುಗಳಲ್ಲಿ ಕೂತಿದಾರೆ. ಜನ ಎಷ್ಟು ಹೊತ್ತು ಆ್ಯಪ್ ಒಳಗಿದ್ರು, ಎಲ್ಲಿ ಬಿಟ್ಟು ಹೋದ್ರು ಅಂತ ದಿನಾ ಬೆಳಿಗ್ಗೆ ಡ್ಯಾಶ್‌ಬೋರ್ಡ್ ನೋಡೋ ಟೀಮ್‌ಗಳಿರ್ತವೆ, ನಾನೂ ಅದೇ ಫೀಲ್ಡಲ್ಲಿರೋದ್ರಿಂದ ಹೇಳ್ತಿದೀನಿ. ಅಷ್ಟು ಜನರ ಕೆಲಸದ ಎದುರು ನಿಮ್ಮೊಬ್ಬರ ವಿಲ್‌ಪವರ್ ನಿಲ್ಲಿಸಿ ಸೋತೆ ಅಂದ್ಕೊಂಡ್ರೆ ಹೇಗೆ. ಮನಸ್ಸು ಗಟ್ಟಿ ಮಾಡ್ಕೊಳೋದು ಬಿಟ್ಟು ಮನೆಯೊಳಗಿನ ವ್ಯವಸ್ಥೆ ಬದಲಾಯಿಸಿ.

ಸರಿ, ಎಲ್ಲಿಂದ ಶುರು ಮಾಡ್ಲಿ?

ಚಾರ್ಜರ್‌ನಿಂದ. ಸತ್ಯವಾಗ್ಲೂ. ಬೆಡ್‌ರೂಮಲ್ಲಿರೋ ಚಾರ್ಜರ್ ತೆಗೆದು ಹಾಲ್‌ಗೋ ಅಡುಗೆಮನೆಗೋ ಹಾಕಿ. ನಮ್ಮನೇಲಿ ದೇವರ ಕೋಣೆ ಪಕ್ಕದ ಸ್ವಿಚ್ ಬೋರ್ಡ್ ಹತ್ರ ಒಂದು ಸಣ್ಣ ಮರದ ಶೆಲ್ಫ್ ಹೊಡೆಸಿದೀವಿ, ಹತ್ತು ಗಂಟೆ ಆದ್ಮೇಲೆ ಎಲ್ರ ಫೋನೂ ಅಲ್ಲಿ ಸಾಲಾಗಿ ಮಲಗತ್ತೆ, ಚಾರ್ಜರ್ ವೈರ್ ಬೇಕಂತಲೇ ಮೊಳದುದ್ದ ಇರೋದು ಇಟ್ಟಿದೀವಿ, ಹಿಡ್ಕೊಂಡು ಸೋಫಾ ಮೇಲೆ ಕೂರಕ್ಕಾಗಲ್ಲ, ನಿಂತ್ಕೊಂಡೇ ನೋಡ್ಬೇಕು, ನಿಂತ್ಕೊಂಡು ಯಾರೂ ಗಂಟೆಗಟ್ಟಲೆ ರೀಲ್ಸ್ ನೋಡಲ್ಲ. ಅಲಾರಂ ಹೇಗೆ ಅಂತ ತಕ್ಷಣ ಕೇಳ್ತಾರೆ. ಚಿಕ್ಕಪೇಟೆ ಕಡೆ ಹೋದ್ರೆ ಸೆಲ್ ಹಾಕೋ ಅಲಾರಂ ಗಡಿಯಾರ ಇನ್ನೂ ಸಿಗತ್ತೆ, ಅಂಥ ಬೆಲೆ ಏನೂ ಇಲ್ಲ.

ಆಮೇಲೆ ನೋಟಿಫಿಕೇಶನ್. ಮನುಷ್ಯರು ಕಳ್ಸಿದ್ದು ಇರ್ಲಿ, ಆ್ಯಪ್‌ಗಳು ತಾವಾಗೇ ಕಳ್ಸೋದೆಲ್ಲಾ ಆಫ್ ಮಾಡಿ, ಊಟದ ಆ್ಯಪ್ ಮಧ್ಯಾಹ್ನ ಹನ್ನೆರಡಕ್ಕೆ ಹಸಿವಾಯ್ತಾ ಅಂತ ಕೇಳೋ ಅವಶ್ಯಕತೆ ಇಲ್ಲ, ಹಸಿವಾದ್ರೆ ನಮಗೇ ಗೊತ್ತಾಗತ್ತೆ. ಆದ್ರೆ ಒಂದೇ ಏಟಿಗೆ ಎಲ್ಲಾ ಆಫ್ ಮಾಡ್ಬೇಡಿ. 2019ರಲ್ಲಿ ಬಂದ ಒಂದು ಅಧ್ಯಯನ ನಮ್ಮ ದೇಶದ ಸ್ಮಾರ್ಟ್‌ಫೋನ್ ಬಳಸೋರ ಮೇಲೇ ಮಾಡಿದ್ದು, ಅದ್ರಲ್ಲಿ ದಿನಕ್ಕೆ ಮೂರು ಸಲ ಗುಂಪಾಗಿ ನೋಟಿಫಿಕೇಶನ್ ಪಡೆದೋರಿಗೆ ಗಮನ, ಮೂಡ್ ಎರಡೂ ಸುಧಾರಿಸ್ತು, ಪೂರ್ತಿ ನಿಲ್ಲಿಸಿದೋರಿಗೆ ಏನೋ ಮಿಸ್ ಆಗ್ತಿದೆ ಅನ್ನೋ ಆತಂಕಾನೇ ಜಾಸ್ತಿಯಾಯ್ತು. ಮೂರು ಸಲ ಅನ್ನೋದು ಕಾಫಿ, ಊಟ, ಸಂಜೆಗೆ ಸರಿಯಾಗಿ ಕೂರತ್ತೆ.

ಯೂಟ್ಯೂಬ್ ಕಾಟ ಇರೋರು ಸೆಟ್ಟಿಂಗ್ಸಲ್ಲಿ ವಾಚ್ ಹಿಸ್ಟರಿ ಆಫ್ ಮಾಡಿ, ಹಳೇದನ್ನೂ ಅಳಿಸಿ ನೋಡಿ. 2023ರಿಂದ ಹಾಗೆ ಮಾಡಿದ್ರೆ ಹೋಮ್ ಪೇಜ್ ಖಾಲಿ ಬರತ್ತೆ, ನೀವೇ ಹುಡುಕಿದ್ದು ಮಾತ್ರ ಸಿಗತ್ತೆ. ನಾನು ಕಂಡಂತೆ ತುಂಬಾ ಕೆಲಸ ಮಾಡೋ ಸೆಟ್ಟಿಂಗ್ ಇದು.

ಆ್ಯಪ್ ಟೈಮರ್ ಇಟ್ರೆ ಸಾಕಲ್ವಾ?

ಐಫೋನಲ್ಲಿ ಸ್ಕ್ರೀನ್ ಟೈಮ್, ಆಂಡ್ರಾಯ್ಡಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಎರಡೂ 2018ರಲ್ಲೇ ಬಂದಿವೆ. ಲೆಕ್ಕ ತಿಳ್ಕೊಳಕ್ಕೆ ಒಳ್ಳೇದು. ತಡೆಯಕ್ಕೆ ಅಷ್ಟು ಸಾಲದು, ಟೈಮ್ ಆಯ್ತು ಅಂದಾಗ ಇನ್ನೊಂದು ಬಟನ್ ಒತ್ತಿ ಮುಂದುವರಿಸ್ಬೋದು. ಪಾಸ್‌ವರ್ಡ್ ಹೆಂಡತಿ ಕೈಲೋ ಗಂಡನ ಕೈಲೋ ಹಾಕ್ಸಿದ್ರೆ ಗಟ್ಟಿಯಾಗತ್ತೆ. ಬ್ಲಾಕ್ ಅಂಡ್ ವೈಟ್ ಮೋಡ್ ಕೂಡ ಕೆಲವ್ರಿಗೆ ಒಗ್ಗತ್ತೆ.

ಎಲ್ಲಾ ಡಿಲೀಟ್ ಮಾಡ್ಬಿಟ್ರೆ ನೆಮ್ಮದಿ ಸಿಗತ್ತಾ?

ಸ್ವಲ್ಪ ಸಿಗತ್ತೆ, ಸಿನಿಮಾ ಥರ ಜೀವನ ಬದಲಾಗಲ್ಲ. 2018ರಲ್ಲಿ ಅಮೆರಿಕದ ಚುನಾವಣೆಗೆ ಮುಂಚೆ ಅರ್ಥಶಾಸ್ತ್ರಜ್ಞರು ಒಂದಷ್ಟು ಜನಕ್ಕೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದ್ರು. ದಿನಕ್ಕೆ ಸುಮಾರು ಒಂದು ಗಂಟೆ ಮಿಕ್ತು, ಮನೆಯವ್ರು ಸ್ನೇಹಿತರ ಜೊತೆ ಇರೋದು ಹೆಚ್ಚಾಯ್ತು, ಖುಷಿ ಅಲ್ಪಸ್ವಲ್ಪ ಏರ್ತು, ಆದ್ರೆ ಸುದ್ದಿ ತಿಳ್ಕೊಳೋದು ಕಮ್ಮಿಯಾಯ್ತು. ಪ್ರಯೋಗ ಮುಗಿದ್ಮೇಲೂ ಅವ್ರು ಮುಂಚಿಗಿಂತ ಕಮ್ಮೀನೇ ನೋಡ್ತಿದ್ರು ಅನ್ನೋದು ನನಗೆ ಇಷ್ಟವಾದ ಭಾಗ.

ಪೂರ್ತಿ ಬಿಡಕ್ಕಾಗದೋರಿಗೆ ಇನ್ನೊಂದು ಅಧ್ಯಯನ ಇದೆ. ಅದೇ ವರ್ಷ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಲಿ 143 ಸ್ಟೂಡೆಂಟ್ಸ್ ಇಟ್ಕೊಂಡು ಮಾಡಿದ್ದು, ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಒಂದೊಂದಕ್ಕೂ ದಿನಕ್ಕೆ 10 ನಿಮಿಷ ಮಾತ್ರ. ಮೂರು ವಾರಕ್ಕೆ ಒಂಟಿತನ, ಖಿನ್ನತೆ ಎರಡೂ ಇಳೀತು. ಹಾಗಾಗಿ ಡಿಲೀಟ್ ಮಾಡೋ ಶಪಥ ಬೇಡ.

ವಾಟ್ಸಾಪ್ ಗ್ರೂಪ್‌ಗಳನ್ನ ಏನ್ಮಾಡ್ಲಿ? ಬಿಟ್ರೆ ಬೇಜಾರ್ ಮಾಡ್ಕೋತಾರೆ.

ಬಿಡ್ಬೇಡಿ. ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ, ಯಾರಿಗೂ ಗೊತ್ತಾಗಲ್ಲ. ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಕಾವೇರಿ ನೀರು ಬರತ್ತೋ ಇಲ್ವೋ ಅನ್ನೋದು ಮಾತ್ರ ಬೇಕಿದ್ರೆ, ಅಸೋಸಿಯೇಷನ್‌ನವರಿಗೆ ಹೇಳಿ ಅಡ್ಮಿನ್ ಮಾತ್ರ ಹಾಕೋ ಗ್ರೂಪ್ ಬೇರೆ ಮಾಡ್ಸಿ.

ಆಫೀಸ್ ಬಿಡಲ್ವಲ್ಲ! ರಾತ್ರಿ ಹತ್ತಕ್ಕೂ ಮೆಸೇಜ್.

ಇದು ಬೆಂಗಳೂರಿನ ನಿಜವಾದ ನೋವು. ಅಮೆರಿಕ ಟೀಮ್ ಏಳೋ ಹೊತ್ತಿಗೆ ನಾವು ಊಟಕ್ಕೆ ಕೂತಿರ್ತೀವಿ, ತಟ್ಟೆ ಪಕ್ಕ ಲ್ಯಾಪ್‌ಟಾಪ್. ಇಲ್ಲಿ ನೀವೊಬ್ರೇ ಫೋನ್ ದೂರ ಇಟ್ಟು ಏನೂ ಆಗಲ್ಲ, ಟೀಮಲ್ಲಿ ಮಾತಾಡ್ಲೇಬೇಕು. ಅರ್ಜೆಂಟ್ ಆದ್ರೆ ಫೋನ್ ಕಾಲ್, ಮಿಕ್ಕಿದ್ದೆಲ್ಲಾ ಬೆಳಿಗ್ಗೆ, ರಾತ್ರಿ ಅರ್ಜೆಂಟ್ ನೋಡ್ಕೊಳೋ ಆನ್‌ಕಾಲ್ ಡ್ಯೂಟಿ ಪಾಳಿ ಪ್ರಕಾರ, ಇಷ್ಟು ಬರವಣಿಗೆಲಿ ಒಪ್ಪಿಸ್ಕೊಳಿ. ಮ್ಯಾನೇಜರ್ ರಾತ್ರಿ ಬರೆದ್ರೂ ಶೆಡ್ಯೂಲ್ ಮಾಡಿ ಬೆಳಿಗ್ಗೆ ಒಂಬತ್ತಕ್ಕೆ ಹೋಗೋ ಹಾಗೆ ಇಡ್ಬೋದು, ಆ ಬಟನ್ ಈಗ ಹೆಚ್ಚಿನ ಚಾಟ್ ಆ್ಯಪಲ್ಲಿದೆ.

ಫ್ರಾನ್ಸಲ್ಲಿ 2017ರ ಜನವರಿಯಿಂದ ಕೆಲಸದ ಅವಧಿ ಮುಗಿದ್ಮೇಲೆ ಸಂಪರ್ಕದಿಂದ ದೂರ ಇರೋ ಹಕ್ಕು ಕಾನೂನಲ್ಲೇ ಇದೆ, 50 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಂಪನಿ ಇದನ್ನ ನೌಕರರ ಜೊತೆ ಕೂತು ಮಾತಾಡ್ಬೇಕು. ನಮ್ಮಲ್ಲಿ 2018ರಲ್ಲಿ ಸುಪ್ರಿಯಾ ಸುಳೆ ಲೋಕಸಭೇಲಿ ಇಂಥದ್ದೇ ಖಾಸಗಿ ಸದಸ್ಯರ ಮಸೂದೆ ಮಂಡಿಸಿದ್ರು, ಕಾನೂನಾಗ್ಲಿಲ್ಲ. ಐಟಿ ನೌಕರರ ಯೂನಿಯನ್ ಕೆಐಟಿಯು 2025ರ ಮಾರ್ಚಲ್ಲಿ ಫ್ರೀಡಂ ಪಾರ್ಕಲ್ಲಿ ಪ್ರತಿಭಟನೆ ಮಾಡಿದಾಗ ಈ ಹಕ್ಕೂ ಬೇಡಿಕೆಲಿತ್ತು. ನನ್ನ ಅಭಿಪ್ರಾಯ ಕೇಳಿದ್ರೆ ಇದು ಯೋಗ, ಧ್ಯಾನದ ವಿಷ್ಯಾನೇ ಅಲ್ಲ, ಕೂಲಿ ಮತ್ತು ಸಮಯದ ವಿಷ್ಯ.

ಹಗಲಲ್ಲಿ ಗಮನ ಚೆದುರೋದು ಇನ್ನೊಂದು ಕಷ್ಟ. ಕ್ಯಾಲಿಫೋರ್ನಿಯಾದ ಸಂಶೋಧಕಿ ಗ್ಲೋರಿಯಾ ಮಾರ್ಕ್ 2004ರಲ್ಲಿ ಅಳೆದಾಗ ಜನ ಒಂದು ಸ್ಕ್ರೀನ್ ಮೇಲೆ ಸರಾಸರಿ ಎರಡೂವರೆ ನಿಮಿಷ ಇರ್ತಿದ್ರು, ಈಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ. ಚಾಟ್ ವಿಂಡೋ ಮುಚ್ಚಿ ಒಂದು ಗಂಟೆ ಕೆಲಸ ಮಾಡಿ ನೋಡಿ.

ಆಟೋ ಓಡಿಸೋರು, ಡೆಲಿವರಿ ಮಾಡೋರು ಏನ್ಮಾಡ್ಬೇಕು?

ಈ ವಿಷ್ಯ ಮಾತಾಡೋರಲ್ಲಿ ಎಷ್ಟೋ ಜನ ಇವರನ್ನ ಮರೆತೇಬಿಡ್ತಾರೆ. ನಮ್ಮ ರಸ್ತೆ ಕೊನೆಗೆ ಆಟೋ ನಿಲ್ಲಿಸೋ ಅಣ್ಣ ಒಬ್ರಿದಾರೆ, ಹ್ಯಾಂಡಲ್ ಮೇಲೆ ಸ್ಟ್ಯಾಂಡಲ್ಲಿ ಒಂದು ಫೋನು, ಮೂರು ಆ್ಯಪ್ ಒಟ್ಟಿಗೆ ಓಡ್ತಿರತ್ತೆ, ಯಾವುದ್ರಲ್ಲಿ ಬಾಡಿಗೆ ಬೀಪ್ ಅಂದ್ರೂ ಕೆಲವೇ ಸೆಕೆಂಡಲ್ಲಿ ಒತ್ಬೇಕು, ಇಲ್ಲಾಂದ್ರೆ ಬೇರೆಯವ್ರಿಗೆ ಹೋಗತ್ತೆ. "ಇದು ಆಫ್ ಮಾಡಿದ್ರೆ ಮನೇಲಿ ಒಲೆ ಉರಿಯಲ್ಲ ಸಾರ್" ಅಂತಾರೆ. ಅವ್ರಿಗೆ ಫೋನ್ ಕಮ್ಮಿ ಮಾಡಿ ಅನ್ನೋ ಹಕ್ಕು ನನಗಿಲ್ಲ. ಅವ್ರು ತಾವೇ ಕಂಡ್ಕೊಂಡಿರೋ ದಾರಿ ನೋಡಿ. ಬಾಡಿಗೆ ಹಿಡಿಯೋ ಫೋನಲ್ಲಿ ವಿಡಿಯೋ ಆ್ಯಪ್ ಒಂದೂ ಇಲ್ಲ, ಮಧ್ಯಾಹ್ನ ಮನೆಗೆ ಹೋದಾಗ ಅದನ್ನ ಆಟೋ ಡಬ್ಬಿಯೊಳಗೇ ಬೀಗ ಹಾಕಿಟ್ಟು, ಹಳೇ ಕೀಪ್ಯಾಡ್ ಸೆಟ್ ಜೇಬಲ್ಲಿ ಹಾಕ್ಕೊಂಡು ಹೋಗ್ತಾರೆ. ಊಟ, ಒಂದು ನಿದ್ದೆ, ಆಮೇಲೆ ಮತ್ತೆ ಬೀಪ್.

ಇಂಥವ್ರ ವಿಷ್ಯದಲ್ಲಿ ಬದಲಾಗ್ಬೇಕಿರೋದು ಕಂಪನಿಗಳ ನಿಯಮ. 2025ರಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರ, ಅಂದ್ರೆ ಹೀಗೆ ಆ್ಯಪ್ ಮೂಲಕ ಕೆಲಸ ಮಾಡೋರ ಕಾಯ್ದೆ ಬಂದಿದೆ, ಕೆಲಸ ಹಂಚೋ ವ್ಯವಸ್ಥೆ ಹೇಗೆ ನಡೆಯತ್ತೆ ಅಂತ ಕಾರ್ಮಿಕರು ಕೇಳಿ ತಿಳ್ಕೋಬೋದು ಅನ್ನೋದು ಅದ್ರಲ್ಲಿದೆ. ಅದು ಸರಿಯಾಗಿ ಜಾರಿಯಾಗ್ಲಿ.

ಮಕ್ಕಳಿಗೆ ಎಷ್ಟು ಕೊಡ್ಬೋದು? ಫೋನ್ ಇಲ್ದೆ ಊಟಾನೇ ಮಾಡಲ್ಲ.

ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳಿರೋದು ಹೀಗೆ: 2 ವರ್ಷದೊಳಗಿನ ಮಕ್ಕಳಿಗೆ ನೆಂಟರ ಜೊತೆ ವಿಡಿಯೋ ಕಾಲ್ ಬಿಟ್ರೆ ಸ್ಕ್ರೀನೇ ಬೇಡ, 2ರಿಂದ 5ಕ್ಕೆ ದೊಡ್ಡೋರು ಪಕ್ಕದಲ್ಲಿದ್ದು ಹೆಚ್ಚಂದ್ರೆ 1 ಗಂಟೆ, 5ರಿಂದ 10ಕ್ಕೆ 2 ಗಂಟೆಗಿಂತ ಕಮ್ಮಿ.

ಊಟದ ವಿಷ್ಯಕ್ಕೆ ಅಜ್ಜಿ ತಾತನ್ನ ಬೈಬೇಡಿ, ಒಬ್ರೇ ಮಗು ನೋಡ್ಕೊಳೋ ಕಷ್ಟ ಅವ್ರಿಗೇ ಗೊತ್ತು. ಮಗುನ ಬಾಲ್ಕನಿಲಿ ಕೂರಿಸಿ, ಕಾಗೆ, ನಾಯಿ, ಹಾಲಿನ ಗಾಡಿ ತೋರಿಸ್ತಾ ತುತ್ತು ಕೊಡಿ, ಮೊದಲ ವಾರ ಅರ್ಧ ತಟ್ಟೆ ಮಿಗತ್ತೆ, ಮಿಗ್ಲಿ.

ಸ್ಕೂಲಿನದ್ದೂ ಒಂದು ಪಾಲಿದೆ. ನಮಗೆ ಗೊತ್ತಿರೋ ಒಂದು ಸ್ಕೂಲಲ್ಲಿ ರಾತ್ರಿ ಒಂಬತ್ತಕ್ಕೆ ಹೋಮ್‌ವರ್ಕ್ ವಾಟ್ಸಾಪಲ್ಲಿ ಬರ್ತಿತ್ತು, ಮಗು ಫೋನ್ ಕೇಳಿದ್ರೆ ಇಲ್ಲ ಅನ್ನಂಗೇ ಇಲ್ಲ. ಪೇರೆಂಟ್ಸ್ ಒಟ್ಟಾಗಿ ಹೋಗಿ ಮಾತಾಡಿದ್ಮೇಲೆ ಡೈರಿಲಿ ಬರೆಸೋದು ಮತ್ತೆ ಶುರುವಾಯ್ತು. ನೀವೂ ಕೇಳಿ, ಒಬ್ಬೊಬ್ರೇ ಹೋಗ್ಬೇಡಿ.

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಸೋಶಿಯಲ್ ಮೀಡಿಯಾ ಅಕೌಂಟ್ ಇಟ್ಕೊಳಂಗಿಲ್ಲ. ಅಲ್ಲಿ ತಪ್ಪಾದ್ರೆ ದಂಡ ಬೀಳೋದು ಕಂಪನಿಗೆ, ಮಕ್ಕಳಿಗಲ್ಲ. ಅಷ್ಟು ಮಾತ್ರ ನನಗೆ ನ್ಯಾಯ ಅನ್ಸತ್ತೆ.

ಅಪ್ಪ ಅಮ್ಮ ಇಡೀ ದಿನ ಫೋನಲ್ಲೇ ಇರ್ತಾರೆ, ಏನ್ ಹೇಳೋದು?

ಕಿತ್ಕೋಬೇಡಿ. ಮಧ್ಯಾಹ್ನ ಮನೇಲಿ ಮಾತಾಡಕ್ಕೆ ಯಾರೂ ಇಲ್ದಿರೋದೇ ಅರ್ಧ ಕಾರಣ. ಅವ್ರ ವಿಷ್ಯದಲ್ಲಿ ನನಗೆ ಗಂಟೆಗಿಂತ ಮೋಸದ ಭಯ ಜಾಸ್ತಿ. ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸೋದು ಇದೇ ಊರಲ್ಲಿ ಎಷ್ಟು ಮನೆ ಹಾಳು ಮಾಡಿದೆ, ನಮ್ಮ ಕಾನೂನಲ್ಲಿ ಹಂಗೊಂದು ಅರೆಸ್ಟೇ ಇಲ್ಲ ಅಂತ ಕೂರಿಸ್ಕೊಂಡು ಹೇಳಿ. ಗೊತ್ತಿಲ್ದಿರೋ ನಂಬರ್ ಸೈಲೆಂಟ್‌ಗೆ ಹಾಕಿ. ಅವ್ರ ಫೋನಿಂದ 1909ಕ್ಕೆ ಸ್ಟಾರ್ಟ್ 0 ಅಂತ ಇಂಗ್ಲಿಷಲ್ಲಿ ಎಸ್ಸೆಮ್ಮೆಸ್ ಮಾಡಿದ್ರೆ ಜಾಹೀರಾತು ಕಾಲ್‌ಗಳು ಸುಮಾರಾಗಿ ಕಮ್ಮಿಯಾಗತ್ತೆ. ದುಡ್ಡು ಹೋಯ್ತು ಅಂದ್ರೆ ತಡ ಮಾಡ್ದೆ ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೀಪ್ಯಾಡ್ ಫೋನ್‌ಗೆ ವಾಪಸ್ ಹೋದ್ರೆ ಬೆಂಗಳೂರಲ್ಲಿ ಬದುಕ್ಬೋದಾ?

ಪೂರ್ತಿ ಕಷ್ಟ, ಭಾನುವಾರಕ್ಕೆ ಆರಾಮಾಗಿ ಆಗತ್ತೆ. ಒಟಿಪಿ ಬರತ್ತೆ, ಮೆಟ್ರೋಗೆ ಸ್ಮಾರ್ಟ್ ಕಾರ್ಡ್ ಇದೆ, ಬಿಎಂಟಿಸಿಗೆ ಚಿಲ್ಲರೆ ಇದ್ರೆ ಸಾಕು. ದುಡ್ಡು ಕಟ್ಟಕ್ಕೆ 2022ರಲ್ಲಿ ಕೀಪ್ಯಾಡ್ ಫೋನ್‌ಗೂ ಯುಪಿಐ 123ಪೇ ಬಂತು, 2023ರಲ್ಲಿ 999 ರೂಪಾಯಿಗೆ ಯುಪಿಐ ಇರೋ ಜಿಯೋಭಾರತ್ ಫೋನೂ ಬಂತು. ಸಿಕ್ಕಾಕೊಳೋದು ಕ್ಯಾಬ್ ಬುಕ್ ಮಾಡೋವಾಗ, ಆಮೇಲೆ ಗೇಟಲ್ಲಿ ಆ್ಯಪ್ ಕೇಳೋ ಅಪಾರ್ಟ್‌ಮೆಂಟಲ್ಲಿ.

ಬ್ಲೂ ಲೈಟ್ ಕನ್ನಡಕ ತಗೊಳ್ಲಾ?

ಬೇಡ. ಕಣ್ಣಿನ ಆಯಾಸಕ್ಕೆ ಅದ್ರಿಂದ ಪ್ರಯೋಜನ ಕಾಣಲ್ಲ ಅಂತ 2023ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನ ಒಟ್ಟಿಗೆ ಇಟ್ಟು ತೂಗಿ ನೋಡೋ ವರದಿ) ಹೇಳಿದೆ. 20 ನಿಮಿಷಕ್ಕೊಂದ್ಸಲ 20 ಅಡಿ ದೂರದ್ದನ್ನ 20 ಸೆಕೆಂಡ್ ನೋಡಿ, ದುಡ್ಡಿಲ್ಲ ಕಾಸಿಲ್ಲ.

ಫೋನ್ ಬಿಟ್ಟು ಎಲ್ಲಿಗೆ ಹೋಗೋದು?

ಜೆಪಿ ನಗರದ ರಂಗಶಂಕರ ನನ್ನ ಮೊದಲ ಆಯ್ಕೆ. 2004ರಿಂದ ನಡೀತಿದೆ, ನಾಟಕ ಶುರುವಾದ್ಮೇಲೆ ಬಂದ್ರೆ ಒಳಗೆ ಬಿಡಲ್ಲ, ಫೋನ್ ಆಫ್ ಮಾಡ್ಲೇಬೇಕು, ಒಂದೂವರೆ ಎರಡು ಗಂಟೆ ಹೋಗಿದ್ದೇ ಗೊತ್ತಾಗಲ್ಲ, ಮುಂಚೆ ಹೋದ್ರೆ ಕೆಫೇಲಿ ಸಾಬೂದಾನ ವಡೆ ಬೇರೆ. ಕಬ್ಬನ್ ಪಾರ್ಕಲ್ಲಿ 2023ರಿಂದ ಶನಿವಾರ ಬೆಳಿಗ್ಗೆ ಕಬ್ಬನ್ ರೀಡ್ಸ್‌ನೋರು ಮರದ ಕೆಳಗೆ ಚಾಪೆ ಹಾಕ್ಕೊಂಡು ಸುಮ್ನೆ ಓದ್ತಾ ಇರ್ತಾರೆ, ಯಾರ್ ಬೇಕಾದ್ರೂ ಪುಸ್ತಕ ತಗೊಂಡೋಗಿ ಕೂರ್ಬೋದು, ಪರಿಚಯ ಮಾಡ್ಕೊಳೋ ಕಾಟ ಇಲ್ಲ. ಪುಸ್ತಕ ಇಲ್ದಿದ್ರೆ ಅಲ್ಲೇ ಕೆಂಪು ಕಟ್ಟಡದ ಸ್ಟೇಟ್ ಸೆಂಟ್ರಲ್ ಲೈಬ್ರರಿ. ಗಟ್ಟಿ ಮನಸ್ಸಿದ್ರೆ ತುಮಕೂರು ರಸ್ತೆ ಕಡೆ ಆಲೂರಲ್ಲಿ ವಿಪಶ್ಯನ ಧ್ಯಾನ ಕೇಂದ್ರ ಇದೆ, 10 ದಿನ ಫೋನ್ ಅವ್ರಿಗೇ ಕೊಡ್ಬೇಕು, ಓದೋದೂ ಇಲ್ಲ ಬರೆಯೋದೂ ಇಲ್ಲ ಮಾತೂ ಇಲ್ಲ.

ನಾನೊಬ್ನೇ ಮಾಡಿದ್ರೆ ಏನ್ ಬಂತು?

ಒಟ್ಟಿಗೆ ಮಾಡಿದ್ರೆ ಸುಲಭ, ಅದು ನಿಜ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಲ್ಲಿ ಸಂಜೆ 7ಕ್ಕೆ ಸೈರನ್ ಹಾಕಿ ಒಂದೂವರೆ ಗಂಟೆ ಟಿವಿ, ಫೋನ್ ಬಂದ್ ಮಾಡೋದು ಶುರುಮಾಡಿದ್ರು. ನಮ್ಮ ಬೆಳಗಾವಿ ಹತ್ರದ ಹಲಗಾದವ್ರೂ ಆಮೇಲೆ ಅದೇ ದಾರಿ ಹಿಡಿದ್ರು, ಅಲ್ಲಿ ಎರಡು ಗಂಟೆ. ಅಪಾರ್ಟ್‌ಮೆಂಟಲ್ಲಿ ಸೈರನ್ ಆಗಲ್ಲ, ಒಂದು ಫ್ಲೋರಿನ ನಾಲ್ಕು ಮನೆಯವ್ರು ಒಪ್ಕೊಂಡ್ರೆ ಮಕ್ಕಳು ಕಾರಿಡಾರಲ್ಲಿ ಕೇರಂ ಹಾಕ್ಕೊಂಡು ಕೂರ್ತಾರೆ, ನಮ್ಮ ಅಕ್ಕನ ಮನೆ ಹತ್ರ ಹಾಗೇ ನಡೀತಿದೆ.

ಇದು ಕಾಯಿಲೆ ಅಂತ ಯಾವಾಗ ಅಂದ್ಕೋಬೇಕು?

ಗೇಮಿಂಗ್ ಡಿಸಾರ್ಡರನ್ನ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಜಾರಿ. ಹಿಡಿತ ತಪ್ಪೋದು, ಮಿಕ್ಕೆಲ್ಲಕ್ಕಿಂತ ಆಟಾನೇ ಮುಖ್ಯ ಆಗೋದು, ಹಾನಿ ಕಣ್ಣಿಗೆ ಕಂಡ್ರೂ ಮುಂದುವರಿಸೋದು, ಇವು ಸಾಮಾನ್ಯವಾಗಿ ಒಂದು ವರ್ಷ ಕಂಡ್ರೆ ಅಂತ ಲೆಕ್ಕ. ಬರೀ ರೀಲ್ಸ್ ಜಾಸ್ತಿ ನೋಡೋದು ಆ ಪಟ್ಟಿಲಿಲ್ಲ. ಆದ್ರೆ ಹುಡುಗ ಸ್ಕೂಲ್ ಬಿಟ್ಟಿದಾನೆ, ಫೋನ್ ತಗೊಂಡ್ರೆ ಹೊಡಿಯಕ್ಕೆ ಬರ್ತಾನೆ, ಊಟ ನಿದ್ದೆ ಬಿಟ್ಟಿದಾನೆ ಅಂದ್ರೆ ವರ್ಷ ಕಾಯ್ಬೇಡಿ. ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದ್ರೂ ಫ್ರೀಯಾಗಿ ಫೋನ್ ಮಾಡ್ಬೋದು, ಕನ್ನಡದಲ್ಲೇ ಮಾತಾಡ್ತಾರೆ.

ಫೋನ್ ಹಾಲಲ್ಲಿಟ್ಟು ಮಲಗಿದಾಗ ಊರಿಂದ ಎಮರ್ಜೆನ್ಸಿ ಬಂದ್ರೆ?

ಡು ನಾಟ್ ಡಿಸ್ಟರ್ಬ್ ಹಾಕಿ, ಅದ್ರಲ್ಲಿ ಮನೆಯವ್ರ ನಂಬರ್ ಫೇವರಿಟ್‌ಗೆ ಸೇರಿಸಿ, ಅವ್ರ ಕಾಲ್ ಮಾತ್ರ ರಿಂಗ್ ಆಗತ್ತೆ. ಬೇರೆಯವ್ರಿಗೆ ರಿಪೀಟ್ ಕಾಲರ್ ಅಂತ ಒಂದು ಆಯ್ಕೆ ಇದೆ, ಅದು ಆನ್ ಇದ್ರೆ ಒಬ್ರೇ ಬೆನ್ನು ಬೆನ್ನಿಗೆ ಎರಡ್ಸಲ ಮಾಡಿದ್ರೆ ಎರಡನೇದು ರಿಂಗ್ ಆಗತ್ತೆ, ಆಂಡ್ರಾಯ್ಡಲ್ಲಿ 15 ನಿಮಿಷದೊಳಗೆ, ಐಫೋನಲ್ಲಿ 3 ನಿಮಿಷದೊಳಗೆ ಮಾಡ್ಬೇಕು. ಊರಲ್ಲಿರೋರಿಗೆ "ಅರ್ಜೆಂಟ್ ಆದ್ರೆ ತಕ್ಷಣ ಇನ್ನೊಂದ್ಸಲ ಮಾಡಿ" ಅಂತ ಹೇಳಿಡಿ, ರಿಂಗ್‌ಟೋನ್ ಸೌಂಡ್ ಪೂರ್ತಿ ಇಡಿ, ಬೆಡ್‌ರೂಮ್ ಬಾಗಿಲು ಸ್ವಲ್ಪ ತೆಗೆದಿರ್ಲಿ.